ಮಾಡಿಗೆ ಗಡ್ಡ ಬಂದ ವರ್ಷ

ಕಕ್ಕಬೆಯಲ್ಲಿ ನನ್ನ ತಂಗಿಯ ಮೊಮ್ಮಗಳು ರಶ್ಮಿ ಹೋಂಸ್ಟೇ ಕಟ್ಟಿಸುತ್ತಿದ್ದಾಳೆ. ಒಮ್ಮೆ ನೋಡಿಹೋಗಿ ದೊಡ್ಡಜ್ಜಿ ಎಂದು ಹೋದ ತಿಂಗಳು ಜೀಪು ಕಳಿಸಿದ್ದಳು. ಹೋದೆ. ಅಂಗಳದಲ್ಲಿ ಎರಡು ಡ್ರಮ್ಮು ನಿಂತಿದ್ದವು. ಅವುಗಳಿಂದ ದಪ್ಪ ಪೈಪು ಮನೆಯೊಳಗೆ ಹೋಗಿತ್ತು. ಮೈತುಂಬ ಬಿಳಿ ಅಂಗಿ, ಮುಖಕ್ಕೆ ಮುಸುಕು ಹಾಕಿಕೊಂಡ ಒಬ್ಬ ಆಳು ಆ ಪೈಪಿನ ತುದಿಯನ್ನು ಮೇಲಕ್ಕೆ ಹಿಡಿದು ಮನೆಯ ಮೇಲಿನ ತಗಡಿನ ಮಾಡಿನ ಅಡಿಗೆ ಎಂಥದೋ ಹಾರಿಸುತ್ತಿದ್ದ. ಹಾರುವಾಗ ನೀರಿನ ಹಾಗೆ ಹಾರುತ್ತದೆ. ತಗಡಿಗೆ ಅಂಟಿದ ಕೂಡಲೇ ರಾತ್ರಿ ಹುಳಿ ಬಂದ ದೋಸೆ ಹಿಟ್ಟಿನ ಹಾಗೆ ಉಬ್ಬಿ ಉಬ್ಬಿ ಗಟ್ಟಿಯಾಗಿಬಿಡುತ್ತದೆ. ಬಣ್ಣ ಮಾತ್ರ ಹಳೇ ಬೆಣ್ಣೆಯದು. ವಾಸನೆ ಮೂಗಿಗೆ ಗುದ್ದಿದ ಹಾಗಿತ್ತು.

ನಾನು ಬಾಗಿಲ ಹತ್ತಿರ ಹೋದದ್ದು ನೋಡಿ ಅವನು ಕೈ ಅಡ್ಡ ಮಾಡಿ ಹೊರಗೆ ಬಂದ. ಮುಸುಕು ತೆಗೆದ ಮೇಲೆ ನೋಡಿದರೆ ಚಿಕ್ಕ ಪ್ರಾಯದವನೇ, ಮಂಗಳೂರು ಕಡೆಯವನು. ಇವತ್ತು ಇಡೀ ಒಳಗೆ ಯಾರೂ ಇರಬಾರದು, ಗಾಳಿ ಒಳ್ಳೆಯದಲ್ಲ ಎಂದ. ಇದನ್ನು ಹಾಕಿದರೆ ಬಿಸಿಲು ಕೆಳಗೆ ಇಳಿಯುವುದಿಲ್ಲವಂತೆ, ಮಳೆಯ ಸದ್ದು ಕೇಳುವುದಿಲ್ಲವಂತೆ. ಸಮುದ್ರದ ಬದಿಯ ಮನೆಗಳಿಗೆಲ್ಲ ಈಗ ಇದನ್ನೇ ಹೊಡೆಯುತ್ತಾರಂತೆ.

"ಮತ್ತೆ ತಗಡು ಬೆವರುವುದೂ ಇಲ್ಲ ಅಜ್ಜಿ," ಎಂದ.

ಆ ಮಾತು ಕೇಳಿ ನನಗೆ ನಗು ಬಂತು. "ಮೊಳಕೆ ಬರ್ತದಾ ಇದು?" ಎಂದು ಕೇಳಿದೆ.

ಅವನು ನನ್ನ ಮುಖವನ್ನೇ ನೋಡಿದ. ಮುದುಕಿಗೆ ಸ್ವಲ್ಪ ಹೆಚ್ಚುಕಮ್ಮಿ ಎಂದುಕೊಂಡಿರಬೇಕು. ಸರಿ, ಒಳಗಿನ ಹಬೆ ಎಲ್ಲಿಂದ ಹೊರಗೆ ಹೋಗುತ್ತದೆ ಎಂದು ಕೇಳಿದೆ. ಅದಕ್ಕೆ ಅವನು ಸರಿಯಾಗಿ ಉತ್ತರ ಕೊಟ್ಟ. ಅಡುಗೆಮನೆಗೂ ಬಚ್ಚಲುಗಳಿಗೂ ಹಬೆ ಎಳೆದು ಹೊರಗೆ ಬಿಡುವ ಫ್ಯಾನುಗಳನ್ನು ಇಟ್ಟಿದ್ದಾರೆ ಎಂದು ಬೆರಳು ಮಾಡಿ ತೋರಿಸಿದ. ಹಾಗಾದರೆ ತೊಂದರೆ ಇಲ್ಲ, ನಿನ್ನ ಕೆಲಸ ನೀನು ಮಾಡು ಎಂದು ಹೇಳಿ ಬಂದು ಕಾಫಿ ಗಿಡದ ಬುಡದಲ್ಲಿ ಕುಳಿತೆ. ಮೊಳಕೆಯದ್ದು ಎಂತ ಕತೆ ಎಂದು ರಶ್ಮಿ ಬಿಡಲಿಲ್ಲ. ಹೇಳಿದೆ. ಇದನ್ನು ಬರೆದಿಡಿ ಎಂದಳು. ನಾನು ಶಾಲೆಗೆ ಹೋದದ್ದು ಎರಡನೇ ಕ್ಲಾಸಿನವರೆಗೆ. ಅಷ್ಟರಲ್ಲಿ ಆಗುವಷ್ಟು ಬರೆದಿದ್ದೇನೆ.

ನಮ್ಮ ಕೊಡಗನ್ನು ಮೈಸೂರಿಗೆ ಸೇರಿಸಿದ ಹೊಸತು. ನಾನು ಮದುವೆಯಾಗಿ ಚೇರಂಬಾಣೆ ಕಡೆಯ ಮನೆಗೆ ಬಂದು ಒಂದು ಮಳೆಗಾಲ ಕಳೆದಿತ್ತು. ಮನೆಯಲ್ಲಿ ಇದ್ದದ್ದು ನಾಲ್ಕೇ ಜನ: ಅತ್ತೆ, ಮಾವ, ನಾನು, ನನ್ನ ಗಂಡ ಚಿಣ್ಣಪ್ಪ. ಈಗ ಹೆಸರು ಹೇಳುತ್ತಿದ್ದೇನೆ, ಆಗ ಹೇಳುತ್ತಿರಲಿಲ್ಲ. ಮನೆ ಮಣ್ಣಿನ ಗೋಡೆಯದು, ಹುಲ್ಲಿನ ಮಾಡು. ವರ್ಷ ವರ್ಷ ಮಳೆಗೆ ಮೊದಲು ಹುಲ್ಲು ಹೊದೆಸಬೇಕು. ಹೊದೆಸುವ ಆಳುಗಳೆಲ್ಲ ಎಸ್ಟೇಟಿನ ಕೆಲಸಕ್ಕೆ ಹೋಗತೊಡಗಿದ್ದರು. ನನ್ನ ಗಂಡ ಒಬ್ಬರೇ ಬೆಟ್ಟದಿಂದ ಹುಲ್ಲು ಹೊತ್ತು ಹೊತ್ತು ಹೆಗಲು ಜಜ್ಜಿಹೋಗಿತ್ತು.

ಅವರು ಗಾಡಿ ಹೊಡೆಯುತ್ತಿದ್ದರು. ಹತ್ತಿರದ ಒಂದು ಎಸ್ಟೇಟಿನ ಕಾಫಿ ಮೂಟೆ ಸಾಗಿಸುವುದು ಕೆಲಸ. ಆ ಎಸ್ಟೇಟಿನವರು ಆಳುಗಳ ಹಳೇ ಲೈನು ಮನೆಗಳನ್ನು ಕೆಡವಿ ಹೊಸತು ಕಟ್ಟುವಾಗ ಮಾಡಿನ ತಗಡುಗಳನ್ನು ಮಾರಿದರು. ವಿಷು ಹಬ್ಬಕ್ಕೆ ಸ್ವಲ್ಪ ಮೊದಲು ಒಂದು ಸಂಜೆ ನಮ್ಮ ಗಾಡಿ ಗಡಗಡ ಎಂದು ಸದ್ದು ಮಾಡುತ್ತಾ ಬಂತು. ಗಾಡಿ ತುಂಬ ತಗಡು. ಅದರ ಮೇಲೆ ಇವರು ಮದುಮಗನ ಹಾಗೆ ಕುಳಿತಿದ್ದರು.

ಹುಲ್ಲು ತೆಗೆದರು, ತಗಡು ಹೊಡೆದರು. ಹೊಡೆಯುವಾಗಲೇ ಅಡುಗೆಮನೆಯ ಮೇಲಿದ್ದ ಹಳೇ ಅಟ್ಟವನ್ನೂ ಕಿತ್ತು ಹಾಕಿದರು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ ಮನೆಯಲ್ಲಿ ಅಟ್ಟ ಇಲ್ಲ, ತಲೆಯೆತ್ತಿದರೆ ಮಾಡು ಕಾಣುತ್ತದೆ, ಅದು ಲಕ್ಷಣ ಎಂದರು. ಒಲೆಯ ಮೇಲ್ಗಡೆ ಒಂದು ಕಡೆ ತಗಡು ಕತ್ತರಿಸಿ ಗಾಜು ಕೂರಿಸಿದರು, ಬೆಳಕಿಗೆ. ಅದು ಮಾತ್ರ ಒಳ್ಳೆಯ ಕೆಲಸ.

ಅತ್ತೆ ಅಂಗಳದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು ನೋಡಿದರು. "ಮೈಸೂರಿಗೆ ಸೇರ್ಸಿದ್ದು ಸಾಲ್ದೆ? ಈಗ ಮಾಡೂ ಮೈಸೂರಿನದ್ದೇ ಆತ್," ಎಂದರು. ತಗಡು ಮೈಸೂರಿನದ್ದಲ್ಲ. ಅತ್ತೆಗೆ ಹಿಡಿಸದ್ದೆಲ್ಲ ಆ ವರ್ಷ ಮೈಸೂರಿನದೇ.

ವಿಷು ಕಳೆದ ಮೇಲೆ ಬಿಸಿಲು ಏರಿತು. ನಮ್ಮಲ್ಲಿ ಬಿಸಿಲು ಅಂಥದ್ದೇನಲ್ಲ, ಬಯಲುಸೀಮೆಯವರು ಕೇಳಿದರೆ ನಗುತ್ತಾರೆ. ಆದರೆ ತಗಡಿನ ಕೆಳಗೆ ಕುಳಿತರೆ ಗೊತ್ತಾಗುತ್ತದೆ. ಮಧ್ಯಾಹ್ನ ಮಾಡು ಟಿಕ್ ಟಿಕ್ ಎಂದು ಬಿರಿಯುತ್ತಿತ್ತು. ಬೆಣ್ಣೆ ತುಪ್ಪವಾಗುತ್ತಿತ್ತು, ಬೆಕ್ಕು ಮನೆಯೊಳಗೆ ಬರುವುದನ್ನು ಬಿಟ್ಟಿತು. ಬೆಕ್ಕಿನ ಹಿಂದೆಯೇ ಅತ್ತೆ. ಒಂದು ಮಧ್ಯಾಹ್ನ ಊಟ ಮಾಡುತ್ತಿದ್ದವರು ಅರ್ಧಕ್ಕೆ ಎದ್ದು ತಮ್ಮ ಚಾಪೆ, ಕಂಬಳಿ, ಎಲೆಯಡಿಕೆ ಚೀಲ ಕಂಕುಳಲ್ಲಿ ಇಟ್ಟುಕೊಂಡರು.

"ನಾ ಕಡುಬಲ್ಲ ಗೂಡೆ," ಎಂದರು ನನಗೆ. ನಮ್ಮಲ್ಲಿ ಹುಡುಗಿಗೆ ಗೂಡೆ ಎನ್ನುವುದು. "ಮುಚ್ಚಳ ಮುಚ್ಚಿ ಬೇಯ್ಸೊಕೆ ನಾ ಕಡುಬಲ್ಲ. ಬೇಕಾದ್ರೆ ಗಂಡ ಹೆಂಡ್ತಿ ಬೆಂದ್ಕೊಳಿ."

ಹೋಗಿ ಕೊಟ್ಟಿಗೆ ಸೇರಿದರು. ಕೊಟ್ಟಿಗೆಗೆ ಇನ್ನೂ ಹುಲ್ಲಿನ ಮಾಡೇ ಇತ್ತು. ಒಂದು ಬದಿಯಲ್ಲಿ ದನಗಳು, ಇನ್ನೊಂದು ಬದಿಯಲ್ಲಿ ಹುಲ್ಲು ಒಟ್ಟುವ ಜಗಲಿ. ಆ ಜಗಲಿಯ ಮೇಲೆ ಅತ್ತೆಯ ಬಿಡಾರ.

ಮಳೆ ಬಂದರೆ ತಂಪಾಗುತ್ತದೆ, ಅವ್ವ ತಾನೇ ಬರುತ್ತಾರೆ ಎಂದರು ನನ್ನ ಗಂಡ. ಮಾವ ಯಾವುದಕ್ಕೂ ಏನೂ ಹೇಳುವವರಲ್ಲ. ಅವರು ಮನೆಯಲ್ಲಿ ನನ್ನ ಕೈಯದು ಉಂಡು, ಅತ್ತೆಗೆ ನಾನು ಬುತ್ತಿ ಒಯ್ಯುವಾಗ ಹಿಂದೆಯೇ ಬಂದು ಅಲ್ಲಿಯೂ ಎರಡು ತುತ್ತು ಉಣ್ಣುತ್ತಿದ್ದರು. ಆ ವರ್ಷ ನಮ್ಮ ಮನೆಯಲ್ಲಿ ಮೈ ತುಂಬಿಕೊಂಡದ್ದು ಅವರೊಬ್ಬರೇ.

ಅತ್ತೆಗೆ ಅಲ್ಲಿ ಸುಖವೇ. ಕಷ್ಟ ಆದದ್ದು ನನಗೆ. ಮೂರು ಹೊತ್ತು ಊಟ ಒಯ್ಯುವುದು ದೊಡ್ಡದಲ್ಲ. ಊರಿನ ಬಾಯಿ ದೊಡ್ಡದು. ನಮ್ಮ ಮೇಲ್ಮನೆಯ ಚೋಮಕ್ಕನಿಗೆ ನಮ್ಮ ಕೊಟ್ಟಿಗೆ ಅವಳ ಜಗಲಿಯಿಂದಲೇ ಕಾಣುತ್ತಿತ್ತು. ತಗಡಿನ ಸೆಕೆಗೆ ಅತ್ತೆ ಹೋದರು ಎಂದು ಯಾರು ಹೇಳುತ್ತಾರೆ? ಸೊಸೆ ಬಂದು ವರ್ಷ ಆಗಲಿಲ್ಲ, ಅತ್ತೆಯನ್ನು ಕೊಟ್ಟಿಗೆಗೆ ಅಟ್ಟಿದಳು ಎಂದೇ ಮಾತಾಯಿತು. ಆ ಮಾತು ಬೆಟ್ಟ ಹತ್ತಿ ಇಳಿದು ನನ್ನ ತವರಿಗೂ ಹೋಯಿತು. ಅಪ್ಪ ನಡೆದುಕೊಂಡು ಬಂದು ವಿಚಾರಿಸಿ, ಅತ್ತೆಯ ಹತ್ತಿರ ಜಗಲಿಯಲ್ಲಿ ಕುಳಿತು ಎಲೆ ಹಾಕಿ, ಇಲ್ಲಿ ತಂಪಾಗಿದೆ ಎಂದು ಹೇಳಿ ಹೋದರು. ಅದರಿಂದ ನನಗೇನೂ ಉಪಕಾರ ಆಗಲಿಲ್ಲ.

ಒಂದು ದಿನ ನಾನು ಬುತ್ತಿ ಹಿಡಿದು ಹೋಗುವಾಗ ಚೋಮಕ್ಕ ಬೇಲಿಯ ಹತ್ತಿರವೇ ನಿಂತಿದ್ದಳು.

"ಎಂತ ಮಾರಾಯ್ತಿ, ಅತ್ತೆಗೆ ಅನ್ನ ಹಾಕಿಯಾ, ಹುಲ್ಲು ಹಾಕಿಯಾ?" ಎಂದು ಕೇಳಿದಳು. ಸ್ವಲ್ಪ ಮುಂದೆ ಹೋದ ಮೇಲೆ ಮತ್ತೆ ಕರೆದು ಹೇಳಿದಳು: "ಅಲ್ಲ, ಹುತ್ತರಿಗೆ ನಿಮ್ಮಲ್ಲಿ ಕದಿರು ಎಲ್ಲಿಗೆ ತರೋದು? ಮನೆಗಾ, ಕೊಟ್ಟಿಗೆಗಾ? ಮೊದ್ಲೇ ಹೇಳ್ರೆ ನಾವೂ ಅಲ್ಲಿಗೇ ಬರೋಕೆ ಆತಿತ್ತ್."

ಅವಳು ಕೇಳಿದ್ದರಲ್ಲಿ ವಿಷ ಇತ್ತು, ಸುಳ್ಳು ಇರಲಿಲ್ಲ. ಹುತ್ತರಿಗೆ ಹೊಸ ಭತ್ತದ ಕದಿರು ಕೊಯ್ದು ಮನೆಯ ಹಿರಿಯ ತರುತ್ತಾನೆ. ಬಾಗಿಲಲ್ಲಿ ಅವನ ಕಾಲಿಗೆ ನೀರು ಕೊಟ್ಟು, ಹಾಲು ಕೊಟ್ಟು, ಕದಿರನ್ನು ಒಳಗೆ ಕರೆದುಕೊಳ್ಳುವುದು ಮನೆಯ ಹಿರಿಯ ಹೆಂಗಸು. ನಮ್ಮ ಮನೆಯ ಹಿರಿಯ ಹೆಂಗಸು ಕೊಟ್ಟಿಗೆಯಲ್ಲಿದ್ದಾರೆ. ಆ ದಿನ ಊರವರೆಲ್ಲ ಮನೆ ಮನೆಗೆ ಬರುತ್ತಾರೆ. ಬಾಗಿಲಲ್ಲಿ ನಾನೊಬ್ಬಳೇ ನೀರಿನ ಕಿಂಡಿ, ಎಂದರೆ ಮೂತಿ ಇರುವ ಚೆಂಬು, ಹಿಡಿದು ನಿಂತರೆ ಅತ್ತೆಯನ್ನು ಅಟ್ಟಿದವಳು ಎಂಬ ಹೆಸರು ಸಾಯುವವರೆಗೂ ನನಗೆ ಅಂಟುತ್ತದೆ. ಹುತ್ತರಿಯೊಳಗೆ ಅತ್ತೆಯನ್ನು ಮನೆಯೊಳಗೆ ತರಲೇಬೇಕು ಎಂದು ಆ ದಿನವೇ ಗಟ್ಟಿ ಮಾಡಿದೆ.

ಮಳೆ ಬಂತು. ತಂಪೂ ಆಯಿತು. ಅತ್ತೆ ಬರಲಿಲ್ಲ. ತಗಡಿನ ಮೇಲೆ ಮಳೆ ಬಿದ್ದರೆ ಮನೆಯೊಳಗೆ ಮಾತು ಕೇಳುವುದಿಲ್ಲ. ನಾನು ಉಪ್ಪು ಕೇಳಿದರೆ ನನ್ನ ಗಂಡ ಸೌದೆ ತರುತ್ತಿದ್ದರು. ಅದೂ ಹೋಗಲಿ. ಮನೆಯೊಳಗೆ ತೊಟ್ಟಿಕ್ಕತೊಡಗಿತು. ಹಾಸಿಗೆ ಮೇಲೆ ಟಪ್, ಒಲೆಯ ಮೇಲೆ ಚುಂಯ್, ಮಾವನ ಬೋಳು ತಲೆಯ ಮೇಲೆ ಟಪ್.

ಲೈನಿನಲ್ಲಿ ಹೊಡೆದ ಹಳೇ ಮೊಳೆಯ ತೂತುಗಳಿಂದ ಸೋರುತ್ತದೆ ಎಂದು ನನ್ನ ಗಂಡ ಡಾಂಬರಿನ ಡಬ್ಬ ಹಿಡಿದು ಮಾಡು ಹತ್ತಿದರು. ಮಳೆ ಬಿಟ್ಟಾಗಲೆಲ್ಲ ಅವರು ಮಾಡಿನ ಮೇಲೆ. ತೂತು ಇದ್ದಲ್ಲಿಗೆ ಹಚ್ಚಿದರು, ಇಲ್ಲದಲ್ಲಿಗೂ ಹಚ್ಚಿದರು. ಕೊನೆಗೆ ಅವರ ಮುಂಡು, ಮೂಗು, ನಮ್ಮ ಬೆಕ್ಕು ಎಲ್ಲಕ್ಕೂ ಡಾಂಬರು. ತೊಟ್ಟಿಕ್ಕುವುದು ನಿಲ್ಲಲಿಲ್ಲ. ಒಮ್ಮೆ ಬೆಳಗಿನಿಂದ ಒಂದು ಹನಿ ಮಳೆ ಇಲ್ಲ, ಆದರೂ ಒಳಗೆ ಟಪ್ ಟಪ್. ಆಕಾಶ ಬಿಟ್ಟರೂ ನಮ್ಮ ಮಾಡು ಬಿಡಲಿಲ್ಲ.

ಅದೇ ದಿನ ನಾನು ಅತ್ತೆಗೆಂದು ಕಡುಬು ಬೇಯಿಸುತ್ತಿದ್ದೆ. ಕಡುಬಿನ ಪಾತ್ರೆ ಮುಚ್ಚುವಾಗ ಮುಚ್ಚಳಕ್ಕೆ ಬಟ್ಟೆ ಕಟ್ಟುವುದು ಎಲ್ಲರಿಗೂ ಗೊತ್ತು. ಕಟ್ಟದಿದ್ದರೆ ಹಬೆ ಮುಚ್ಚಳಕ್ಕೆ ತಾಗಿ ನೀರಾಗಿ ಕಡುಬಿನ ಮೇಲೆ ಬಿದ್ದು ಅಂಟಂಟಾಗುತ್ತದೆ. ಬೆಂದಿದೆಯೇ ಎಂದು ಮುಚ್ಚಳ ಎತ್ತಿದೆ. ಬಟ್ಟೆ ನೆನೆದಿತ್ತು, ಕಡುಬು ಒಣಗಿತ್ತು. ನನ್ನ ಕುತ್ತಿಗೆಗೆ ಮೇಲಿನಿಂದ ಒಂದು ಹನಿ ಬಿತ್ತು. ಮೇಲೆ ನೋಡಿದೆ. ಕೈಯಲ್ಲಿದ್ದ ಮುಚ್ಚಳ ನೋಡಿದೆ. ನಾ ಕಡುಬಲ್ಲ ಎಂದು ಅತ್ತೆ ಹೇಳಿ ಹೋದದ್ದು ನೆನಪಿಗೆ ಬಂತು. ಮಳೆ ಸೋರುತ್ತಿರಲಿಲ್ಲ. ನಮ್ಮದೇ ಒಲೆಯ ಹಬೆ, ಬಚ್ಚಲ ಹಂಡೆಯ ಹಬೆ, ನಮ್ಮದೇ ಉಸಿರು, ಮೇಲೆ ಹೋಗಿ ತಣ್ಣಗಿನ ತಗಡಿಗೆ ತಾಗಿ ನೀರಾಗಿ ನಮ್ಮ ತಲೆಗೇ ಬೀಳುತ್ತಿತ್ತು.

ಗಂಡನನ್ನು ಮಾಡಿನಿಂದ ಇಳಿಸಿ ಮುಚ್ಚಳ ತೋರಿಸಿದೆ. ಅವರು ಬಹಳ ಹೊತ್ತು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಹಾಗಾರೆ ನಾ ಇಷ್ಟು ದಿನ ಹೊರಗೆ ಎಂತಕೆ ಹಚ್ಚಿದ್ದು?" ಎಂದರು. ಅದು ನನ್ನನ್ನು ಕೇಳಿ ಮಾಡಿದ ಕೆಲಸ ಅಲ್ಲ ಎಂದೆ.

ಮಾಡಿಗೂ ಬಟ್ಟೆ ಕಟ್ಟಬೇಕು ಎಂದು ನಮಗಿಬ್ಬರಿಗೂ ತೋಚಿತು. ಇಡೀ ಮನೆಗೆ ಬಟ್ಟೆ ಎಲ್ಲಿಂದ? ಬಿದಿರಿನ ತಟ್ಟಿ ಹೆಣೆದು ತಗಡಿನ ಅಡಿಗೆ ಮಾಡಿನ ತೊಲೆಗಳಿಗೆ ಕಟ್ಟಿದೆವು. ತಟ್ಟಿಗೂ ತಗಡಿಗೂ ನಡುವೆ ಒಂದು ಗೇಣು ಜಾಗ. ಅದರಲ್ಲಿ ಜೊಳ್ಳು ತುಂಬಿಸಿದೆವು. ಜೊಳ್ಳು ಎಂದರೆ ಭತ್ತ ತೂರುವಾಗ ಗಾಳಿಗೆ ಹಾರಿ ಬಿದ್ದದ್ದು, ಕಾಳಿಲ್ಲದ್ದು. ಕಣದ ಬದಿಯ ಗುಡಿಸಲಿನಲ್ಲಿ ರಾಶಿ ಇತ್ತು. ಕುಕ್ಕೆಯಲ್ಲಿ ಹೊತ್ತು ಹೊತ್ತು ತುಂಬಿಸಿದೆವು. ಗಾಜಿನ ಅಡಿಯನ್ನು ಮಾತ್ರ ಬೆಳಕಿಗೆಂದು ಬಿಟ್ಟೆವು.

ಅಷ್ಟಕ್ಕೇ ಬಿಟ್ಟಿದ್ದರೆ ಏನಾಗುತ್ತಿತ್ತೋ. ನನ್ನ ಗಂಡನಿಗೆ ಕೆಲಸ ಹಿಡಿದರೆ ಹುಚ್ಚು. ಗೋಡೆಗೂ ಮಾಡಿಗೂ ನಡುವೆ ಸೂರಿನ ಸುತ್ತ ಇದ್ದ ಸಂದು, ಎರಡು ತುದಿಗಳಲ್ಲಿ ಹೊಗೆ ಹೋಗಲು ಇದ್ದ ಕಿಂಡಿ, ಎಲ್ಲವನ್ನೂ ಮಣ್ಣು ಸಗಣಿ ಕಲಸಿ ಮೆತ್ತಿಬಿಟ್ಟರು. ಇನ್ನು ಗಾಳಿಯೂ ಕೇಳಿಯೇ ಒಳಗೆ ಬರಬೇಕು ಎಂದು ಕೈ ತೊಳೆದುಕೊಂಡರು.

ಮೊದಲ ವಾರ ಸ್ವರ್ಗ. ಮಳೆಯ ಸದ್ದು ಎಲ್ಲೋ ದೂರದ ಬೆಟ್ಟದಲ್ಲಿ ಬರುವ ಹಾಗೆ. ಒಂದು ಹನಿ ಬೀಳುವುದಿಲ್ಲ. ಮನೆ ಕೋಳಿಯ ಹೊಟ್ಟೆಯಡಿಯ ಹಾಗೆ ಬೆಚ್ಚಗೆ. ನಾನು ತಲೆಗೆ ಗೊರಬು ಹಾಕಿಕೊಂಡು ಮಳೆಯಲ್ಲಿ ಕೊಟ್ಟಿಗೆಗೆ ಹೋಗಿ ಅತ್ತೆಯನ್ನು ಕರೆದೆ. ಈಗ ಬಂದು ನೋಡಿ, ತಗಡಿಗೆ ಬಟ್ಟೆ ಕಟ್ಟಿದ್ದೇವೆ ಎಂದೆ.

ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಿದ್ದರು. "ಕಟ್ಟಿದ ಬಟ್ಟೆ ಒಣಗ್ಸೋದು ಎಲ್ಲಿ?" ಎಂದು ಕೇಳಿದರು.

ನನಗೆ ಅರ್ಥ ಆಗಲಿಲ್ಲ. ಸೊಕ್ಕಿನ ಮಾತು ಎಂದುಕೊಂಡು ಬುತ್ತಿ ಇಟ್ಟು ಬಂದೆ.

ಕಕ್ಕಡ ತಿಂಗಳು ಹಿಡಿಯಿತು. ಆ ತಿಂಗಳು ನಮ್ಮಲ್ಲಿ ಸೂರ್ಯ ಇರುವುದು ಪಂಚಾಂಗದಲ್ಲಿ ಮಾತ್ರ. ಮನೆಯೊಳಗೆ ಮುಗ್ಗಲು ವಾಸನೆ ಸಣ್ಣಗೆ ಶುರುವಾಯಿತು. ಉಪ್ಪಿನ ಮರಿಗೆಯಲ್ಲಿ ಉಪ್ಪು ನೀರಾಯಿತು. ಬೆಂಕಿಕಡ್ಡಿ ಗೀರಿದರೆ ಮದ್ದು ಉದುರುತ್ತಿತ್ತು, ಹತ್ತುತ್ತಿರಲಿಲ್ಲ. ಹೊಗೆ ಹೋಗಲು ದಾರಿ ಇಲ್ಲದೆ ನಾವು ಮೂರು ಜನ ಕಣ್ಣು ಕೆಂಪು ಮಾಡಿಕೊಂಡು ಕೂರುತ್ತಿದ್ದೆವು. ನನ್ನ ಮದುವೆಯ ಸೀರೆಗೆ ಹಸಿರು ಬೂಷ್ಟು ಬಂತು. ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಅತ್ತೆಗೆ ಗೊತ್ತಾಗುತ್ತದೆ.

ಹೊರಗೆಯೂ ಸರಿ ಇರಲಿಲ್ಲ. ನಾಟಿಯ ಹೊತ್ತು. ಆ ವರ್ಷ ತೋಡು ಉಕ್ಕಿ ಅಗೆಯ, ಎಂದರೆ ಭತ್ತದ ಸಸಿಯ, ಮಡಿಯಲ್ಲಿ ಒಂದು ಭಾಗ ಕೊಚ್ಚಿಕೊಂಡು ಹೋಗಿತ್ತು. ಇದ್ದ ಅಗೆ ನಾಟಿ ಮಾಡಿ ಮುಗಿಸಿದಾಗ ಕೆಳಗಿನ ಗದ್ದೆಯ ಒಂದು ಮೂಲೆ ಖಾಲಿ ಉಳಿಯಿತು. ಎಲ್ಲರಿಗೂ ಅದೇ ಗತಿ, ಕೇಳಿದರೆ ಕೊಡುವವರಿಲ್ಲ. ಉತ್ತು ಕೆಸರು ಮಾಡಿದ ಗದ್ದೆಯನ್ನು ಖಾಲಿ ಬಿಡುವುದು ಮನೆಗೆ ಒಳ್ಳೆಯದಲ್ಲ ಎಂದು ಅತ್ತೆ ಕೊಟ್ಟಿಗೆಯಲ್ಲಿಯೇ ಗೊಣಗುತ್ತಿದ್ದರು.

ಕಕ್ಕಡ ಹದಿನೆಂಟರ ಮದ್ದುಸೊಪ್ಪಿನ ಪಾಯಸ ಉಂಡು ಕೆಲವು ದಿನ ಕಳೆದಿರಬೇಕು. ಚೋಮಕ್ಕ ಕೆಂಡ ಕೇಳುವ ನೆವ ಮಾಡಿಕೊಂಡು ಬಂದಳು. ಅವಳ ಮನೆಯ ಮಾಡಿನಿಂದ ಹೊಗೆ ಏಳುವುದು ನನಗೆ ಕಾಣುತ್ತಿತ್ತು. ಆದರೂ ಒಲೆಯಿಂದ ಕೆಂಡ ತೆಗೆಯಲು ಬಗ್ಗಿದೆ. ಅವಳು ಒಳಗೆ ಏನಿದೆ, ಏನಿಲ್ಲ ಎಂದು ಸುತ್ತ ನೋಡಿ ಕೊನೆಗೆ ಮೇಲೆ ನೋಡಿದಳು. ಬಾಯಿ ತೆರೆದದ್ದು ಮುಚ್ಚಲಿಲ್ಲ. ಕೆಂಡ ಬಿಟ್ಟು ಓಡಿದಳು.

ನಾನೂ ನೋಡಿದೆ. ಒಲೆಯ ಹೊಗೆಯಲ್ಲಿ ತಲೆ ತಗ್ಗಿಸಿ ತಗ್ಗಿಸಿ ನಾನು ಮೇಲೆ ನೋಡುವುದನ್ನೇ ಬಿಟ್ಟಿದ್ದೆ. ತಟ್ಟಿಯ ಸಂದುಸಂದಿನಿಂದ ಬಿಳೀ ಎಳೆಗಳು ಇಳಿಬಿದ್ದಿದ್ದವು. ಒಂದೆರಡಲ್ಲ, ಉದ್ದಕ್ಕೂ. ನರೆತ ಗಡ್ಡದ ಹಾಗೆ ಅಲುಗಾಡುತ್ತಿದ್ದವು.

ಚೋಮಕ್ಕ ಓಡುವ ದಾರಿಯಲ್ಲಿಯೇ ಕೊಟ್ಟಿಗೆ. ಅಲ್ಲಿ ನಿಂತು ಏದುಸಿರು ಬಿಡುತ್ತಾ ಅತ್ತೆಗೆ ಹೇಳಿದ್ದು ನನಗೆ ಅಡುಗೆಮನೆಗೇ ಕೇಳಿತು: "ಅಕ್ಕ, ನಿಮ್ಮ ಮಾಡಿಗೆ ಗಡ್ಡ ಬಂದುಟ್ಟು! ಕೂಳಿ ಹಿಡ್ದುಟ್ಟು ಮನೆಗೆ!" ಕೂಳಿ ಎಂದರೆ ದೆವ್ವ.

ಅತ್ತೆ ಎದ್ದರು. ವಿಷು ಕಳೆದ ಮೇಲೆ ಆ ಅಂಗಳವನ್ನು ಅವರು ಮನೆಯ ಕಡೆಗೆ ದಾಟಿರಲಿಲ್ಲ. ಗೊರಬನ್ನೂ ಹಾಕಿಕೊಳ್ಳದೆ ಮಳೆಯಲ್ಲಿ ನೆನೆದುಕೊಂಡು ಬಂದರು. ನಾನು ಬಾಗಿಲು ಬಿಟ್ಟು ಸರಿದೆ. ನನ್ನನ್ನು ನೋಡಲೂ ಇಲ್ಲ. ನೇರ ಅಡುಗೆಮನೆಗೆ ಹೋಗಿ ತಲೆ ಎತ್ತಿ ನಿಂತರು. ಒನಕೆಯನ್ನು ತಿರುಗಿಸಿ ಅದರ ತುದಿಯಿಂದ ತಟ್ಟಿಯನ್ನು ಒಮ್ಮೆ ತಿವಿದರು. ನೆನೆದ ಜೊಳ್ಳಿನ ಒಂದು ಹೆಂಟೆ ದೊಪ್ಪನೆ ಕೆಳಗೆ ಬಿತ್ತು. ಅದನ್ನು ಕೈಗೆ ಎತ್ತಿಕೊಂಡು ಕಣ್ಣಿನ ಹತ್ತಿರ ಹಿಡಿದರು. ಎಳೆಗಳನ್ನು ಬಿಡಿಸಿದರು. ಎಲ್ಲ ಬೇರು. ಬೇರಿನ ಬುಡದಲ್ಲಿ ಒಡೆದ ಭತ್ತ, ಭತ್ತದ ಮೇಲೆ ಹಳದಿ ಮೊಳಕೆ.

ಮೇಲೆ ಗಾಜಿನ ಸುತ್ತ ಬೆಳಕು ತಾಗಿದಲ್ಲಿ ಹಳದಿ ಇರಲಿಲ್ಲ. ಅಲ್ಲಿ ಹಸಿರು ಅಗೆ ಗೇಣುದ್ದ ಎದ್ದು ಗಾಜಿಗೆ ತಲೆ ಕೊಟ್ಟು ನಿಂತಿತ್ತು.

ಅತ್ತೆ ನಕ್ಕರು. ನನ್ನ ಮದುವೆಯಾದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನಿಂತು ನಕ್ಕರು, ಗೋಡೆ ಹಿಡಿದು ನಕ್ಕರು, ಆಮೇಲೆ ಒಲೆಯ ಮುಂದೆ ಕುಕ್ಕರಿಸಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

"ಗೂಡೆ, ಜೊಳ್ಳು ತುಂಬ್ಸುವಾಗ ಒಮ್ಮೆ ಕೈ ಹಾಕಿ ನೋಡಿಲ್ಲೆಯಾ?" ಎಂದರು ಕಣ್ಣು ಒರೆಸಿಕೊಂಡು. "ಹೋದ ವರ್ಷ ತೂರಿದ್ದು ನಿನ್ನ ಮಾವ. ಅವರು ತೂರಿದ್ರೆ ಜೊಳ್ಳಿನ ಜೊತೆ ಅರ್ಧ ಭತ್ತವೂ ಹಾರ್ತದೆ. ನಲವತ್ತು ವರ್ಷಂದ ಹೇಳ್ತೊಳೆ, ಕೇಳಿರಾ?"

ಬಾಗಿಲಲ್ಲಿ ನಿಂತಿದ್ದ ಮಾವ ಅಲ್ಲಿಂದ ಹಿಂದೆ ಸರಿದರು.

ನಕ್ಕು ಮುಗಿದ ಮೇಲೆ ಅತ್ತೆಯ ಮುಖ ಬೇರೆಯಾಯಿತು. ಗಾಜಿನ ಹತ್ತಿರದ ಹಸಿರನ್ನೇ ನೋಡಿದರು. ನನ್ನ ಗಂಡನನ್ನು ಕರೆದು ಏಣಿ ತರಲು ಹೇಳಿದರು. "ಕೆಳಗಿನ ಗದ್ದೆ ಮೂಲೆ ಖಾಲಿ ಬಿದ್ದುಟ್ಟಲ್ಲ. ಅಗೆ ಇಲ್ಲಿ ಮೇಲೆ ಉಟ್ಟು. ಬೇರು ಕಡಿಯದ ಹಾಗೆ ಇಳ್ಸೊಕು."

ಇಡೀ ದಿನ ಅದೇ ಕೆಲಸ. ಗಂಡ ಏಣಿಯ ಮೇಲೆ, ನಾನು ಕೆಳಗೆ ಕುಕ್ಕೆ ಹಿಡಿದು, ಅತ್ತೆ ನಡುವೆ ನಿಂತು ಇಬ್ಬರಿಗೂ ಬೈಯುತ್ತಾ. ಹಸಿರು ಇದ್ದದ್ದನ್ನು ಕಟ್ಟು ಕಟ್ಟಿದೆವು. ಹಳದಿ ಇದ್ದದ್ದು ದನಕ್ಕೆ. ಮನೆಯೊಳಗೆ ಅಗೆ ಕಿತ್ತವರು ಕೊಡಗಿನಲ್ಲಿ ನಾವೇ ಇರಬೇಕು. ತಟ್ಟಿ ಬಿಚ್ಚಿದಲ್ಲಿ ಗೋಡೆಯ ತುದಿ ಕಂಡಿತು. ನನ್ನ ಗಂಡ ಮೆತ್ತಿದ ಮಣ್ಣೂ ಕಂಡಿತು. ಅತ್ತೆ ಒನಕೆ ಎತ್ತಿ ಆ ಮಣ್ಣಿಗೆ ನಾಲ್ಕು ತಿವಿದರು. ಹೊರಗಿನ ಗಾಳಿ ಒಳಗೆ ನುಗ್ಗಿತು. ವಾರಗಟ್ಟಲೆ ನಮ್ಮ ಕಣ್ಣಲ್ಲಿದ್ದ ಹೊಗೆ ಒಲೆಯಿಂದೆದ್ದು ಆ ತೂತು ಹುಡುಕಿಕೊಂಡು ಹೋಯಿತು.

"ಮೂಗು ಮುಚ್ಚಿ ಮಲಗ್ಸಿದ್ದಿರಿ ಮನೇನ," ಎಂದರು. "ಬಟ್ಟೆ ಕಟ್ಟಿದ್ದು ತಪ್ಪಲ್ಲ. ಹಬೆಗೆ ದಾರಿ ಬೇಡ್ವಾ?"

ಕಟ್ಟಿದ ಬಟ್ಟೆ ಒಣಗಿಸುವುದು ಎಲ್ಲಿ ಎಂದು ಅವರು ಕೇಳಿದ್ದು ನನಗೆ ಆಗ ಅರ್ಥವಾಯಿತು. ನಮ್ಮ ಜೊಳ್ಳು ಹಬೆ ಕುಡಿದು ಕುಡಿದು, ಒಣಗಲು ಗಾಳಿ ಸಿಕ್ಕದೆ ಅಲ್ಲಿಯೇ ಗದ್ದೆಯಾಗಿತ್ತು.

ಕತ್ತಲಾಗುವಾಗ ಮಳೆ ಜೋರಾಯಿತು. ಅತ್ತೆ ಒಲೆಯ ಬದಿಯಲ್ಲಿ ಕಾಲು ಚಾಚಿ ಕುಳಿತೇ ಇದ್ದರು. ನಾನು ಅನ್ನ ಬಡಿಸಿದೆ, ಉಂಡರು. ಮಾವ ಆ ದಿನ ಒಂದೇ ಸಲ ಉಂಡರು, ಪಾಪ. ಯಾರೂ ಅತ್ತೆಗೆ ಇಲ್ಲಿಯೇ ಇರಿ ಎನ್ನಲಿಲ್ಲ. ಗಂಡ ಬಾಯಿ ತೆರೆದರು. ನಾನು ಕಣ್ಣು ಮಾಡಿ ಮುಚ್ಚಿಸಿದೆ. ಕರೆದಿದ್ದರೆ ಆ ಕ್ಷಣವೇ ಎದ್ದು ಹೋಗುವ ಹೆಂಗಸು ಅವರು. ಅಲ್ಲಿಯೇ ಒರಗಿ ನಿದ್ದೆ ಹೋದರು. ನಾನು ಕಂಬಳಿ ಹೊದೆಸಿದೆ.

ಬೆಳಗಾದರೆ ಮತ್ತೆ ಕೊಟ್ಟಿಗೆಯಲ್ಲಿದ್ದರು. ಸೋತು ಬಂದರು ಎಂದು ಯಾರೂ ಹೇಳಬಾರದಲ್ಲ. ಆದರೆ ಅಂದಿನಿಂದ ದಿನಾ ಹಗಲು ಬರತೊಡಗಿದರು, ಕೆಲಸ ನೋಡಲು ಬಂದದ್ದು ಎನ್ನುತ್ತಾ. ಮಾಡಿನ ಅಗೆಯನ್ನು ಕೆಳಗಿನ ಗದ್ದೆಯ ಮೂಲೆಯಲ್ಲಿ ಅವರೇ ಬಗ್ಗಿ ನಾಟಿ ಮಾಡಿದರು, ನನ್ನನ್ನು ಮುಟ್ಟಲು ಬಿಡಲಿಲ್ಲ. ಕೈಲ್ ಮುಹೂರ್ತದ ಹಬ್ಬ ಕಳೆದು ಮಳೆ ಇಳಿದ ಮೇಲೆ ಮಾಡಿನ ಕೆಲಸ ಹಿಡಿದೆವು. ತಗಡಿಗೆ ತಾಗಿಸಿ ಏನೂ ತುಂಬಿಸಬಾರದು ಎಂದು ಅತ್ತೆ ಹೇಳಿದರು. ನನ್ನ ಗಂಡ ತಟ್ಟಿಯನ್ನು ಒಂದು ಮೊಳ ಕೆಳಗೆ ಇಳಿಸಿ ಕಟ್ಟಿದರು. ನಾನು ಅದರ ಮೇಲೆ ಹುಲ್ಲು ಹಾಸಿ ಮಣ್ಣು ಮೆತ್ತಿದೆ, ಕಾಳು ಇಲ್ಲದ ಹುಲ್ಲು, ಒಂದೊಂದು ಹಿಡಿಯನ್ನೂ ಕೊಡವಿ ನೋಡಿ ಹಾಕಿದೆ. ತಗಡಿಗೂ ಮಣ್ಣಿಗೂ ನಡುವೆ ಜಾಗ ಖಾಲಿ. ಎರಡು ತುದಿಗಳಲ್ಲಿ ದೊಡ್ಡ ಕಿಂಡಿ, ಒಂದು ಕಡೆಯಿಂದ ಗಾಳಿ ಬಂದು ಇನ್ನೊಂದು ಕಡೆಯಿಂದ ಹೋಗಲು. ಒಲೆಯ ಮೇಲ್ಗಡೆ ಹೊಗೆಗೆ ಒಂದು ದಾರಿ. ಕೆಲಸ ಮುಗಿದಾಗ ನೋಡಿದರೆ ಅದು ಹೆಚ್ಚುಕಮ್ಮಿ ನನ್ನ ಗಂಡ ಕಿತ್ತು ಹಾಕಿದ ಹಳೇ ಅಟ್ಟವೇ. ಅದನ್ನು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಅವರ ಮುಖ ನೋಡಿದರೆ ಹೇಳುವ ಅಗತ್ಯವೂ ಇರಲಿಲ್ಲ.

ಬಿಸಿಲು ಇಳಿಯುವುದು ನಿಂತಿತು, ತೊಟ್ಟಿಕ್ಕುವುದು ನಿಂತಿತು. ಅತ್ತೆ ಮಾತ್ರ ರಾತ್ರಿ ಕೊಟ್ಟಿಗೆಗೆ ಹೋಗುವುದು ನಿಲ್ಲಲಿಲ್ಲ. ತುಲಾ ತಿಂಗಳು ಬಂತು, ಚಳಿ ಶುರುವಾಯಿತು. ಅವರ ಕೆಮ್ಮು ಅಂಗಳದಾಚೆಯಿಂದ ಕೇಳುತ್ತಿತ್ತು. ಭತ್ತ ಹಣ್ಣಾಯಿತು. ಮೂಲೆಯ ಭತ್ತ ಸ್ವಲ್ಪ ತಡವಾಗಿ, ಆದರೆ ಹಣ್ಣಾಯಿತು. ಹುತ್ತರಿಯ ದಿನ ಗೊತ್ತಾಯಿತು. ನಾನು ಮನೆ ಸಾರಿಸಿದೆ, ಕಿಂಡಿ ಬೆಳಗಿದೆ, ಅತ್ತೆಯನ್ನು ಏನೂ ಕೇಳಲಿಲ್ಲ. ಕೇಳಲು ನಾಲಗೆಯ ತುದಿಗೆ ಬಂದದ್ದನ್ನು ಎಷ್ಟು ಸಲ ನುಂಗಿದೆನೋ.

ಹುತ್ತರಿಯ ಸಂಜೆ ತಿಂಗಳು ಮೂಡಿದ ಮೇಲೆ ಗಂಡಸರು ಕೆಳಗಿನ ಗದ್ದೆಗೆ ಹೋದರು. ಒಂದು ಕೋವಿಯ ಸದ್ದು ಕೇಳಿತು, ಕದಿರು ಕೊಯ್ದರು ಎಂದು ಗೊತ್ತಾಯಿತು. ಪೊಲಿ ಪೊಲಿ, ಬೆಳೆ ಹೆಚ್ಚಲಿ ಎಂದು ಕೂಗುತ್ತಾ ಹತ್ತಿ ಬರುವುದು ಕೇಳಿತು. 'ಮೂಲೆಯದ್ದೇ ಕೊಯ್ಯಿರಿ' ಎಂದು ಅತ್ತೆ ಮಾವನಿಗೆ ಮೊದಲೇ ಹೇಳಿದ್ದರಂತೆ. ನನಗೆ ಅದೂ ಗೊತ್ತಿರಲಿಲ್ಲ. ಅಂಗಳದಲ್ಲಿ ಊರವರು ಸೇರಿದ್ದರು. ಚೋಮಕ್ಕ ಎಲ್ಲರಿಗಿಂತ ಮುಂದೆ, ಮನೆಯೂ ಕೊಟ್ಟಿಗೆಯೂ ಎರಡೂ ಕಾಣುವ ಹಾಗೆ ನಿಂತಿದ್ದಳು. ನಾನು ಬಾಗಿಲಲ್ಲಿ ಕಿಂಡಿ ಹಿಡಿದಿದ್ದೆ.

ಹಿಂದಿನಿಂದ ಯಾರೋ ನನ್ನ ಕೈಯಿಂದ ಕಿಂಡಿ ಕಿತ್ತುಕೊಂಡರು. ತಿರುಗಿದರೆ ಅತ್ತೆ. ಒಗೆದ ಸೀರೆ ಉಟ್ಟು, ತಲೆಗೆ ವಸ್ತ್ರ ಕಟ್ಟಿ, ಮನೆಯ ಒಳಗಿನಿಂದ ಬಂದಿದ್ದರು. ಅವರು ಯಾವಾಗ ಹಿತ್ತಿಲ ಬಾಗಿಲಿಂದ ಒಳಗೆ ಬಂದರೋ ನನಗೆ ಈಗಲೂ ಗೊತ್ತಿಲ್ಲ. ಅವರ ಹಿಂದೆ ಗೋಡೆಗೆ ಒರಗಿಸಿ ಇಟ್ಟ ಚಾಪೆ, ಕಂಬಳಿ, ಎಲೆಯಡಿಕೆ ಚೀಲ ಕಂಡಿತು.

"ಹಾಲು ನೀ ಹಿಡ್ಕ," ಎಂದರು ನನಗೆ. "ಜೊತೇಲಿ ನಿಲ್ಲು. ಹಿಂದೆ ಅಲ್ಲ."

ಮಾವ ಬಂದರು. ಅತ್ತೆ ಅವರ ಕಾಲಿಗೆ ನೀರು ಹಾಕಿದರು, ನಾನು ಹಾಲು ಕೊಟ್ಟೆ. ಮಾಡಿನಲ್ಲಿ ಹುಟ್ಟಿದ ಭತ್ತ ಮಾಡಿನ ಕೆಳಗೇ ಬಂತು. ಮನೆಯ ನಡುಗಂಬಕ್ಕೆ ಕದಿರು ಕಟ್ಟಿದರು.

ಚೋಮಕ್ಕ ಸುಮ್ಮನಿರುವವಳಲ್ಲ. ಎಲ್ಲರಿಗೂ ಕೇಳುವ ಹಾಗೆಯೇ ಕೇಳಿದಳು: "ಅಕ್ಕ, ಕೊಟ್ಟಿಗೆ ಬಿಟ್ಟಿರಾ? ಸೊಸೆ ಕರೆದ್ಲಾ?"

ಅತ್ತೆ ಕಿಂಡಿಯಲ್ಲಿ ಉಳಿದ ನೀರನ್ನು ಅಂಗಳಕ್ಕೆ ಚೆಲ್ಲಿದರು, ಚೋಮಕ್ಕನ ಕಾಲಿನ ಹತ್ತಿರಕ್ಕೆ.

"ಅವ್ಳು ಎಂತಕೆ ಕರೆಯೋದು, ನನ್ನ ಮನೆಗೆ ನನ್ನ?" ಎಂದರು. "ಕೊಟ್ಟಿಗೆಲಿ ಹಸು ಕರು ಹಾಕುಟ್ಟು. ಬಾಣಂತಿಗೆ ಜಾಗ ಬೇಡ್ವಾ? ಅದ್ಕೆ ಬಂದೆ."

ಎಲ್ಲರೂ ನಂಬಿದರು. ಕರು ನೋಡಲು ಹೋಗಬೇಕು ಎಂದು ಯಾರಿಗೂ ತೋಚಲಿಲ್ಲ, ಒಳಗೆ ಹುತ್ತರಿಯ ಊಟ ಇತ್ತು.

ನಮ್ಮ ಹಸು ಕರು ಹಾಕಿದ್ದು ಶಿವರಾತ್ರಿ ಕಳೆದ ಮೇಲೆ.